ಕಂಬ ತಿಂದ ರೊಟ್ಟಿ

ಅಡುಗೆಮನೆಯ ಓಕ್ ಕಂಬದಲ್ಲಿದ್ದ ಸಾಸಿವೆಯಷ್ಟು ಸಣ್ಣ ತೂತುಗಳನ್ನು ಎಸ್ಕಿಲ್ ಹುಟ್ಟಿದಾಗಿನಿಂದ ನೋಡುತ್ತ ಬಂದಿದ್ದ. ಅವಕ್ಕೆ ಹೆದರಿದ್ದು ಮಾತ್ರ ಇವತ್ತೇ. ತಪಾಸಣೆಯ ಮೊಗೆನ್ಸ್ ಬಂದು, ಮರ ಕೊರೆಯುವ ಹುಳು ಇಲ್ಲವೆಂದು ಬರೆದುಕೊಟ್ಟರೆ ಸಂಜೆಯೇ ಮನೆ ಮಾರಾಟ. ನಾಳೆ ಫೆರ್ರಿ ಹತ್ತಿದರೆ ಎದುರಿನ ದ್ವೀಪದಲ್ಲಿ ಅವನು ಮದುವೆಯಾಗಬೇಕಿದ್ದ ವಿಬೇಕ. ಕಾದು ಕಾದು ಬೇಸತ್ತ ಅವಳು ಹೇಳಿದ್ದಳು: "ಈ ಬೇಸಿಗೆಗೆ ಬಂದ್ರೆ ಬಾ. ಇಲ್ಲಾಂದ್ರೆ ಆ ಮನೇನೇ ಮದುವೆ ಆಗು."

ಆಗ ಪಕ್ಕದ ಮನೆಯ ಬೋದಿಲ್ ಮುದುಕಿ ಒಳಗೆ ಬಂದಳು. ಪಕ್ಕದ ಮನೆಯವರು ಸಹಾಯ ಮಾಡುವುದನ್ನು ಬಿಟ್ಟರೆ ಅರ್ಧ ಡೆನ್ಮಾರ್ಕ್ ನೆಮ್ಮದಿಯಾಗಿರುತ್ತದೆ.

"ಏನೋ, ಕಂಬ ತಬ್ಕೊಂಡು ನಿಂತಿದೀಯ?"

"ತೂತು, ಬೋದಿಲ್."

"ಅಯ್ಯೋ ಮಂಕೆ, ಮುಚ್ಚೋದಪ್ಪ!"

ಅವಳ ಕಪಾಟಿನ ಮೂಲೆಯಿಂದ ಹಳೇ ಕಪ್ಪು ರೊಟ್ಟಿಯ ಪುಡಿ ಬಂತು. ಬಣ್ಣಕ್ಕೆ ತಣ್ಣಗಾದ ಕಾಫಿ, ಅಂಟಿಗೆ, ರೊಟ್ಟಿಗೆ ಸವರಿ ತಿನ್ನುವ ಮಾಂಸದ ಲಿವರ್ ಪೇಸ್ಟ್. ಕಲಸಿದರೆ ಥೇಟ್ ಹಳೇ ಓಕ್! ಎಸ್ಕಿಲ್ ಕೈಗೆಟುಕಿದ ತೂತಿಗೆಲ್ಲ ಹೆಬ್ಬೆರಳಿನಿಂದ ಒತ್ತಿದ. ಕಂಬ ಕ್ಷೌರ ಮಾಡಿಸಿಕೊಂಡ ಮದುಮಗನಂತೆ ನಿಂತಿತು.

ಮೊಗೆನ್ಸ್ ಬಂದ, ಬಾಗಿಲಲ್ಲೇ ಬೂಟು ಬಿಚ್ಚಿದ, ಕಾಫಿ ಕುಡಿದ, ಮಾಳಿಗೆಯ ತೊಲೆಗಳನ್ನು ತಟ್ಟಿ ತಲೆಯಾಡಿಸಿದ. ಎಲ್ಲ ಸರಿಯಾಗಿತ್ತು. ಅಷ್ಟರಲ್ಲಿ ಎಸ್ಕಿಲ್‌ನ ಗಿಡ್ಡಗಾಲಿನ ನಾಯಿ ಬಾಸ್ಸ ಹಿಂಗಾಲ ಮೇಲೆ ಎದ್ದು, ಕಣ್ಣು ಮುಚ್ಚಿ, ಭಕ್ತಿಯಿಂದ ಕಂಬ ನೆಕ್ಕತೊಡಗಿತು.

"ಕಂಬ ಕಂಡ್ರೆ ಇಷ್ಟೊಂದು ಪ್ರೀತೀನಾ ಅದಕ್ಕೆ?"

"ಚಿಕ್ಕಂದಿನಿಂದ ಜೊತೇಲೇ ಬೆಳೆದಿದೆ ನೋಡಿ," ಎಂದ ಎಸ್ಕಿಲ್, ಬೆವರುತ್ತ.

ಮೊಗೆನ್ಸ್ ದಬ್ಬಳದಿಂದ ಚುಚ್ಚಿ ಎಳೆದು ಮೂಸಿದ. "ಲಿವರ್ ಪೇಸ್ಟ್." ಆಮೇಲೆ ಎಸ್ಕಿಲ್‌ಗೆ ಎಟುಕದ ಮೇಲಿನ ತೂತುಗಳಿಗೆ ಟಾರ್ಚ್ ಬಿಟ್ಟು ನಿಟ್ಟುಸಿರಿಟ್ಟ. "ಯಾಕ್ರೀ ಈ ಕೆಲಸ ಮಾಡಿದ್ರಿ? ಈ ಹುಳುಗಳು ನಿಮ್ಮಜ್ಜ ಹುಟ್ಟೋ ಮುಂಚೇನೇ ಸತ್ತಿವೆ. ಸುಮ್ನೆ ಬಿಟ್ಟಿದ್ರೆ ತೊಂದರೆ ಇಲ್ಲ ಅಂತ ಬರೀತಿದ್ದೆ."

"ಈಗ್ಲೂ ಹಾಗೇ ಬರೀರಿ!"

ಆಗಲೇ ದಬ್ಬಳ ಚುಚ್ಚಿದ ತೂತಿನಿಂದ ಪುಟ್ಟ ಕಂದು ಹುಳುವೊಂದು ಹೊರಬಂದು ಮೊಗೆನ್ಸ್‌ನ ಅಂಗೈ ಮೇಲೆ ನಡೆಯಿತು.

"ಅದು ರೊಟ್ಟಿ ಹುಳು ಸ್ವಾಮಿ! ಬೋದಿಲ್ ಕಪಾಟಿಂದು!"

"ಇರಬಹುದು. ಆದ್ರೆ ಹೊರಗೆ ಬಂದಿದ್ದು ಕಂಬದಿಂದ. ರೊಟ್ಟಿ ಹುಳು, ಮರದ ಹುಳು ಎರಡೂ ದಾಯಾದಿಗಳೇ. ಒಳಗೆ ಇನ್ಯಾರಿದಾರೆ ಅಂತ ಈಗ ನಾನು ಹೇಗೆ ಹೇಳ್ಲಿ?" ಅವನು ಕಂಬಕ್ಕೆ ಗೋಂದು ಹಚ್ಚಿ ಬಿಗಿಯಾಗಿ ಕಾಗದ ಅಂಟಿಸಿದ. "ಮುಂದಿನ ಬೇಸಿಗೆಗೆ ಬರ್ತೀನಿ. ಕಾಗದ ಹೀಗೇ ಇದ್ರೆ ಮನೆ ಮಾರಿ. ತೂತು ಬಿದ್ರೆ, ಹುಳು ಇದೆ ಅಂತಾನೇ ಅರ್ಥ."

ಸಂಜೆ ಕೊಳ್ಳುವವರು ಬರಲಿಲ್ಲ. ಎಸ್ಕಿಲ್ ಫೋನಿನಲ್ಲಿ ವಿಬೇಕಳಿಗೆ ಒಂದಕ್ಷರ ಬಿಡದೆ ನಿಜವನ್ನೇ ಹೇಳಿದ.

"ಕಂಬಕ್ಕೆ ರೊಟ್ಟೀನ?" ಎಂದಳು ಅವಳು. "ಬರೋಕೆ ಇಷ್ಟ ಇಲ್ಲ ಅಂತ ನೇರವಾಗಿ ಹೇಳಬಹುದಿತ್ತು, ಎಸ್ಕಿಲ್."

ಬಂದರಿನಲ್ಲಿ ಸಂಜೆಯ ಫೆರ್ರಿ ಕೂಗಿ ಹೊರಟಿತು. ತೂತುಗಳು ಅವನಿಗೆ ಯಾವತ್ತೂ ಏನೂ ಮಾಡಿರಲಿಲ್ಲ. ಅವನೇ ಸುಮ್ಮನಿರಲಿಲ್ಲ.

"ಹೋಗ್ಲಿ ಬಿಡೋ, ಇನ್ನೊಂದು ವರ್ಷ ಪಕ್ಕದಲ್ಲೇ ಇರ್ತೀಯಲ್ಲ," ಎಂದು ಬೋದಿಲ್ ಅವನ ಮುಂದೆ ರೊಟ್ಟಿ, ಲಿವರ್ ಪೇಸ್ಟ್ ಇಟ್ಟಳು. ಅವನು ಮುಖ ಮುಚ್ಚಿಕೊಂಡು ಕುಳಿತ. ಹಿಂದಿನಿಂದ ಚಪ್ ಚಪ್ ಸದ್ದು ಬಂತು.

ಅವನು ತಿರುಗುವಷ್ಟರಲ್ಲಿ ಬಾಸ್ಸ ಕಾಗದಕ್ಕೆ ತೂತು ಮಾಡಿಯಾಗಿತ್ತು.