ಬೋಳುತಲೆಯ ಔಷಧ ಮತ್ತು ಕೂದಲು ಎಣಿಸುವ ನಾನು

ವಂಶಪಾರಂಪರ್ಯವಾಗಿ ಬರುವ ಬೋಳುತಲೆಗೆ ಔಷಧ ಹುಡುಕುವವರ ಕೈಕೆಳಗೆ ಇದ್ದರೆ ನಗು ತಡೆದುಕೊಳ್ಳುವುದೂ ಕೆಲಸದ ಒಂದು ಭಾಗವೇ. ಸೊಲ್ಲಾಪುರದ ವಿಜಾಪುರ ರಸ್ತೆಯ ನಮ್ಮ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊಸ ಲೋಷನ್ನಿನ ಪರೀಕ್ಷೆ ನಡೆಸಿದ್ದರು. ಬಂದವರ ನೆತ್ತಿಯ ಫೋಟೊ ತೆಗೆದು ಕೂದಲು ಎಣಿಸುವವನು ನಾನು. ನನ್ನ ನೆತ್ತಿಯೂ ಖಾಲಿ. ಆದರೆ ಪರೀಕ್ಷೆ ಗೆದ್ದು ಅಂಗಡಿಗೆ ಬರುವವರೆಗೆ ಆಸ್ಪತ್ರೆಯವರಿಗೆ ಲೋಷನ್ ಕೊಡುವಂತಿಲ್ಲ. ಹಾಗಾಗಿ ಈ ಪರೀಕ್ಷೆ ಗೆಲ್ಲಲಿ ಎಂದು ನನ್ನಷ್ಟು ಆಸೆಪಟ್ಟವರು ಬೇರೆ ಯಾರೂ ಇರಲಿಲ್ಲ.

ಟೋಪಿ

ಮನೆತನದಲ್ಲಿ ಬೋಳುತಲೆ ಇದ್ದವರನ್ನಷ್ಟೇ ಸೇರಿಸಿಕೊಳ್ಳಬೇಕು. ಸೇರಲು ಬಂದ ಅಕ್ಕಲಕೋಟದ ಕಿರಾಣಿ ವ್ಯಾಪಾರಿಯೊಬ್ಬರು ಸಾಕ್ಷಿಗೆಂದು ತಂದೆಯನ್ನು ಕರೆದುಕೊಂಡು ಬಂದರು. ಕೇಳುವ ಮೊದಲೇ ತಂದೆ ಸಿಡುಕಿದರು.

"ನಮ್ಮ ಮನಿತನದಾಗ ಯಾರಿಗೂ ಇಲ್ರಿ!"

"ಅಜ್ಜಾರ, ಒಂದೀಟು ಟೋಪಿ ತಗೀರಿ."

ತೆಗೆದರು. ತಲೆ ಫಳಫಳ ಹೊಳೆಯಿತು.

"ಇದು ಬೋಳಲ್ರಿ. ನಲವತ್ತ ವರ್ಷ ಟೋಪಿ ಹಾಕಿ ಸವದೈತಿ."

"ನಿಮ್ಮ ಅಪ್ಪಾರಿಗೆ?"

"ಅವರು ತಲಿಗೆ ಪಟಗಾ ಸುತ್ತತಿದ್ರು. ಅದು ಇನ್ನೂ ಜಾಸ್ತಿ ಸವಸತೈತಿ!"

ಅರ್ಧರ್ಧ

ಕೆಲವು ಬಾಟಲಿಯಲ್ಲಿ ಔಷಧ, ಇನ್ನು ಕೆಲವುಗಳಲ್ಲಿ ಬರೀ ನೀರಿನಂಥದ್ದು. ಯಾರಿಗೆ ಯಾವುದು ಬಂದಿದೆ ಎಂದು ನಮಗೂ ಗೊತ್ತಿರುವುದಿಲ್ಲ; ಕೊನೆಗೆ ಹೋಲಿಸಿ ನೋಡುವುದು. ಚಾದರದ ಅಂಗಡಿಯ ಅಣ್ಣ-ತಮ್ಮ ಇಬ್ಬರೂ ಸೇರಿದ್ದರು. ತಿಂಗಳಾದ ಮೇಲೆ ಕೇಳಿದೆ.

"ಬರೋಬರ ಹಚ್ಚಾಕತ್ತೀರಿಲ್ಲ?"

"ಹೂನ್ರಿ. ಎರಡೂ ಬಾಟಲಿ ಒಂದ ತಂಬಿಗ್ಯಾಗ ಸುರುವಿ ಅರ್ಧರ್ಧ ಹಂಚಕೊಂಡೀವಿ," ಎಂದ ಅಣ್ಣ.

"ಯಾಕ್ರಿ?"

"ನಮ್ಮದು ಭಾಗೀದಾರಿ ಧಂದೆ. ಒಬ್ಬನ ತಲಿಗಷ್ಟ ಫಾಯದಾ ಆದ್ರ ಮನಿ ಒಡೀತೈತ್ರಿ!"

ಡಾಕ್ಟರಮ್ಮ ಇಬ್ಬರ ಹೆಸರನ್ನೂ ಹೊಡೆದು ಹಾಕಿದರು. 

ಕೊನೆಯ ಫೋಟೊ

ಇನ್ನು ಆಸೆಯೆಲ್ಲ ಪರೀಕ್ಷೆಗೆ ಸೇರಿದ್ದ ಕಂದಲಗಾಂವದ ಕುರಿಗಾರನೊಬ್ಬನ ಮೇಲೆ. ಐದನೇ ತಿಂಗಳಿಗೆ ಅವನ ನೆತ್ತಿ ಕಪ್ಪಗಾಗಿತ್ತು. ಎಣಿಸುವಾಗ ಖುಷಿಗೆ ನನ್ನ ಲೆಕ್ಕ ಎರಡು ಸಲ ತಪ್ಪಿತು. ಡಾಕ್ಟರಮ್ಮ ಪೇಢೆ ತರಿಸಿದರು. ಮುಂದಿನ ತಿಂಗಳ ಫೋಟೊ ಒಂದು ಸಿಕ್ಕರೆ ಪರೀಕ್ಷೆ ಗೆದ್ದಂತೆ.

ಹೇಳಿದ ದಿನ ಕುರಿಗಾರ ಬಂದ. ಹಣೆತುಂಬ ದೇವರ ಭಂಡಾರದ ಅರಿಶಿನ. ತಲೆ ಮಾತ್ರ ನುಣ್ಣಗೆ, ಒಂದು ಎಳೆಯೂ ಇಲ್ಲ.

ಡಾಕ್ಟರಮ್ಮ ಹೋದ ತಿಂಗಳ ಫೋಟೊ ಅವನ ಮುಂದೆ ಹಿಡಿದರು. "ಕೂದಲ ಎಲ್ಲಿ ಹೋದುವಪಾ?"

"ಬೀರೋಬಾ ದೇವರಿಗೆ ಮುಡಿ ಕೊಟ್ಟ ಬಂದೇನ್ರಿ. ಕೂದಲ ಬಂದ್ರ ಮೊದಲನೇ ಬೆಳಿ ನಿನಗ ಅಂತ ಹರಕಿ ಹೊತ್ತಿದ್ದೆ."

ನನಗೆ ಅಳುವುದೊಂದೇ ಬಾಕಿ. "ಅಲ್ಲಪಾ, ಇವತ್ತೊಂದ ದಿನ ತಡದಿದ್ರ ಏನಾಗತಿತ್ತು?"

ಅವನು ನನ್ನ ನೆತ್ತಿಯನ್ನೇ ನೋಡಿದ. ಪಾಪ ಎನ್ನುವಂತೆ ಹೇಳಿದ:

"ತಡಾ ಮಾಡಿದ್ರ ದೇವರು ಸಿಟ್ಟಾಗತಾನ್ರಿ. ನೀವೂ ಹರಕಿ ಹೊತ್ತು ತಡಾ ಮಾಡಿದಂಗ ಕಾಣತೈತಿ."