ಮೊಣಕೈವರೆಗಿನ ಮದರಂಗಿ

ನಾದಿನಿಯ ಮದುವೆಗೆ ಮನೆ ತುಂಬ ನೆಂಟರು, ಅಡುಗೆಮನೆ ತುಂಬ ಈರುಳ್ಳಿ. ಎರಡೂ ನನ್ನ ಪಾಲಿಗೇ ಬಂದಿದ್ದವು. ಹೆಚ್ಚುವ ಮಣೆಯನ್ನು ನನ್ನ ಮುಂದೆ ಸರಿಸುವಾಗ ಅತ್ತೆಯವರ ಮುಖದಲ್ಲಿ ಎಂಥ ವಾತ್ಸಲ್ಯ! ಆಗಲೇ ಆ ದಿವ್ಯ ಉಪಾಯ ಹೊಳೆದದ್ದು.

ಮದರಂಗಿ ಹಾಕುವವಳು ಹಜಾರದಲ್ಲಿ ಕೂತಿದ್ದಳು. ಮದುಮಗಳ ಸರದಿ ಮುಗಿದದ್ದೇ ತಡ, ನನ್ನ ಎರಡೂ ಕೈ ಒಡ್ಡಿದೆ.

"ಮೊಣಕೈವರೆಗೂ ಹಾಕಮ್ಮ. ಸಂದಿ ಬಿಡಬೇಡ."

"ಮದುಮಗಳಿಗೇ ಅಷ್ಟು ಹಾಕಿಲ್ಲ ಅಕ್ಕಾ."

"ಅವಳಿಗೇನು, ಈರುಳ್ಳಿ ಹೆಚ್ಚೋದಿದೆಯಾ?"

ಬಳ್ಳಿ ಹಬ್ಬಿತು, ಹೂ ಅರಳಿತು, ಬೆರಳ ತುದಿಗೆ ನವಿಲು ಬಂದು ಕೂತಿತು. ಈ ಸಕಲ ವನಸಂಪತ್ತನ್ನೂ ಹೊತ್ತು ಅತ್ತೆಯವರ ಮುಂದೆ ನಿಂತೆ.

"ಅಯ್ಯೋ ಅತ್ತೆ, ಒಣಗೋವರೆಗೂ ಏನೂ ಮುಟ್ಟೋ ಹಾಗಿಲ್ಲ. ಬಣ್ಣ ಬಂದ ಮೇಲೂ ನಾಳೆವರೆಗೆ ಕೈಗೆ ನೀರು ಸೋಕಬಾರದಂತೆ."

"ಹೌದಾ? ಎಷ್ಟು ಕೆಂಪಗೆ ಬರುತ್ತೋ, ಗಂಡನಿಗೆ ಅಷ್ಟು ಪ್ರೀತಿ ಅಂತಾರೆ. ನೋಡೋಣ," ಎಂದರು ಅತ್ತೆ, ನೆಂಟರೆಲ್ಲ ಕೇಳುವ ಹಾಗೆ. (ಒಂದು ಬುಟ್ಟಿ ಈರುಳ್ಳಿಗಾಗಿ ನನ್ನ ದಾಂಪತ್ಯವೇ ಪರೀಕ್ಷೆಗೆ ಕೂತಿತು.)

ಈರುಳ್ಳಿ ನನ್ನವರ ಪಾಲಾಯಿತು. ನಾನು ಸೋಫಾದಲ್ಲಿ ಒರಗಿ ಆಗಾಗ ಕರೆಯುತ್ತಿದ್ದೆ.

"ರೀ, ಮೂಗು ತುರಿಸ್ತಿದೆ. ಅಲ್ಲಲ್ಲ, ಎಡಕ್ಕೆ! ಹಾಗೇ ಒಂಚೂರು ನೀರು ಕುಡಿಸಿ."

ಅವರು ಕಣ್ಣೀರು ಸುರಿಸುತ್ತಲೇ ಬಂದು ಸೇವೆ ಮಾಡಿ ಹೋಗುತ್ತಿದ್ದರು. ಕಂಡವರು ಇದೇ ಪ್ರೇಮ ಎಂದುಕೊಂಡಿರಬೇಕು.

ಫ್ಯಾನಿನ ಗಾಳಿಗೆ ಜೊಂಪು ಹತ್ತಿತು. (ಮದುವೆಮನೆಯ ಗದ್ದಲಕ್ಕೂ ಕೆಡದ ನಿದ್ದೆ ನನ್ನದು, ತವರಿನ ಬಳುವಳಿ ಎಂದರೆ ಅದೊಂದೇ.) ಎದ್ದು ನೋಡಿದರೆ ಕೈ ಬೋಳು. ಹೂವಿಲ್ಲ, ಬಳ್ಳಿಯಿಲ್ಲ, ನವಿಲು ಹಾರಿಹೋಗಿದೆ. ಉಳಿದದ್ದು ನೀರು ಟೀ ಚೆಲ್ಲಿದಂಥ ಕಲೆ.

"ರೀ! ಯಾರು ಒರೆಸಿದ್ದು ಇದನ್ನ?"

ಎದುರಿನ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದವರು ಕಣ್ಣು ಬಿಟ್ಟರು. "ನಾನೇ, ಒದ್ದೆ ಬಟ್ಟೇಲಿ. ನೀನು ಮೂಗು ಕೆರ್ಕೊಳ್ಳೋಕೂ ಆಗದೆ ಒದ್ದಾಡ್ತಿದ್ದೆ, ಪಾಪ. ಈರುಳ್ಳಿ ಬೇರೆ ಇನ್ನೂ ಅರ್ಧ ಬುಟ್ಟಿ ಇತ್ತು."

ಅಷ್ಟರಲ್ಲಿ ಅತ್ತೆ ಬಂದರು. ನನ್ನ ಕೈ ನೋಡಿದರು. ಮಗನ ಕೈ ಮೇಲೆ ಕಣ್ಣು ಬಿತ್ತು. ಬಟ್ಟೆ ಹಿಂಡಿದ ಕೈಯನ್ನು ತೊಳೆಯಲೂ ಬೇಸರಪಟ್ಟು ಹಾಗೇ ಮಲಗಿದ್ದ ಮಹಾನುಭಾವರ ಅಂಗೈಗಳು ಕೆಂಪೋ ಕೆಂಪು.

"ನೋಡ್ರೇ ಇಲ್ಲಿ! ಸೊಸೆಗೆ ನನ್ನ ಮಗನ ಮೇಲೆ ಎಷ್ಟು ಪ್ರೀತಿ!" ಎಂದು ನೆಂಟರಿಗೆಲ್ಲ ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನೀನೇ ಹೇಳಿದೆಯಲ್ಲಮ್ಮ, ನಾಳೆವರೆಗೆ ನೀರು ಸೋಕಬಾರದು ಅಂತ. ಅವನು ಕೂತಿರಲಿ."

ಮಣೆ ಮತ್ತೆ ನನ್ನ ಮುಂದೆ ಬಂತು. ಕಣ್ಣು ಮಂಜಾಗುವ ಹೊತ್ತಿಗೆ ಹಜಾರದಿಂದ ಬಲು ಮೃದುವಾದ ಕೂಗು:

"ಏನೇ, ಮೂಗು ತುರಿಸ್ತಿದೆ. ಸ್ವಲ್ಪ ಬರ್ತೀಯಾ?"