ಬಾಗಿಲಲ್ಲೇ ನಿಂತ ಪ್ರಾಕ್ಸಿಯವರಿಗೆ, ಎರಡನೆಯ ಸಂಪುಟದ ವಿಚಾರವಾಗಿ

ಮಾನ್ಯರೇ,

ನಮ್ಮ ಗ್ರಂಥಾಲಯದ ಡೇಟಾಬೇಸಿನ ಬಾಗಿಲಲ್ಲಿ ನಿಂತು, ರಜೆ ಕೇಳದೆ, ಒಂದು ಲೋಟ ಚಹಾವನ್ನೂ ಬಯಸದೆ ಸೇವೆ ಸಲ್ಲಿಸುತ್ತಿರುವ ತಮಗೆ ಒಳಕೋಣೆಯ ಕಂಪ್ಯೂಟರ್ ಗುಮಾಸ್ತನ ನಮಸ್ಕಾರಗಳು. ತಮ್ಮ ವಿಳಾಸ ಗೊತ್ತಿಲ್ಲದ್ದರಿಂದ ಈ ಪತ್ರವನ್ನು ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದೇನೆ. ನಾನು ಓದಿದ್ದು ಕಡಿಮೆ. ಪ್ರೋಗ್ರಾಂ ಬರೆಯುವುದನ್ನು ಕಲಿತದ್ದು ಇಲ್ಲಿಯದೇ, ಬೆನ್ನು ಕಿತ್ತುಹೋದ ಒಂದು ಪುಸ್ತಕದಿಂದ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಆ ಪುಸ್ತಕದಲ್ಲಿ ತಮ್ಮ ಗುಣಗಾನ ಬಹಳವಿತ್ತು. ಎರಡು ಕೆಲಸ ಆದರೆ ಎರಡೂ ಆಗಬೇಕು, ಇಲ್ಲವಾದರೆ ಒಂದೂ ಆಗಬಾರದು ಎಂದಿದ್ದರೆ, ಅದರ ತಲೆಯ ಮೇಲೆ 'ಟ್ರಾನ್ಸಾಕ್ಷನ್' ಎಂಬ ಒಂದು ಸಾಲಿನ ಹಣೆಪಟ್ಟಿ, ಅವರ ಭಾಷೆಯಲ್ಲಿ ಡೆಕೊರೇಟರ್, ಅಂಟಿಸಿದರೆ ಸಾಕಂತೆ. ಅದನ್ನು ನೋಡಿ ತಾವು, ಪ್ರಾಕ್ಸಿ ಎಂಬ ಬದಲಿ ಪ್ರೋಗ್ರಾಂ, ಅಸಲಿ ಪ್ರೋಗ್ರಾಮಿನ ವೇಷ ತೊಟ್ಟು ಅದರ ಮುಂದೆ ನಿಂತು, ಬಂದ ಕರೆಯನ್ನು ತಾವೇ ಹಿಡಿದು, ಎಲ್ಲ ಮುಗಿದರೆ ಮೊಹರು ಒತ್ತುವಿರಿ, ನಡುವೆ ಏನಾದರೂ ಕೆಟ್ಟರೆ ಎಲ್ಲವನ್ನೂ ಮೊದಲಿದ್ದಂತೆ ಹಿಂದಕ್ಕೆ ತಿರುಗಿಸುವಿರಿ. ಏನು ಬೇಕೆಂದರೆ ಸಾಕು, ಹೇಗೆಂದು ಹೇಳಬೇಕಿಲ್ಲ. ಇಂಥ ಅಳಿಯ ಯಾವ ಮಾವನಿಗೆ ಸಿಕ್ಕಿದ್ದಾನೆ!

ಸದಸ್ಯತ್ವ ರದ್ದು ಮಾಡುವ ಕೆಲಸಕ್ಕೆ ನಾನು ಆ ಪಟ್ಟಿ ಅಂಟಿಸಿದೆ. ಅದರಲ್ಲಿ ಎರಡೇ ಹೆಜ್ಜೆ: ಸದಸ್ಯರ ಹೆಸರು ತೆಗೆಯುವುದು, ಅವರು ಕಾಯ್ದಿರಿಸಿದ ಪುಸ್ತಕವನ್ನು ಸಾಲಿನಲ್ಲಿ ಮುಂದಿನವರಿಗೆ ಬಿಟ್ಟುಕೊಡುವುದು.

ನಾಲ್ಕು ತಿಂಗಳ ಹಿಂದೆ ನನ್ನ ಹೆಂಡತಿ ತೀರಿಕೊಂಡಳು. ಅವಳೂ ಇಲ್ಲಿಯ ಸದಸ್ಯೆ. ಒಂದು ದಪ್ಪ ಕಾದಂಬರಿಯ ಮೊದಲ ಸಂಪುಟ ಮುಗಿಸಿ ಎರಡನೆಯದನ್ನು ಕಾಯ್ದಿರಿಸಿದ್ದಳು. ನಾನು ಬಟ್ಟೆ ಮಡಿಸುವಾಗ ಅವಳು ಗಟ್ಟಿಯಾಗಿ ಓದುತ್ತಿದ್ದಳು. ನಾನು ತೂಕಡಿಸಿದರೆ, "ರೀ, ದೋಣಿಯವನು ಈಗ ಎಲ್ಲಿದ್ದಾನೆ, ಹೇಳಿ ನೋಡೋಣ" ಎಂದು ಪರೀಕ್ಷೆ ಇಡುತ್ತಿದ್ದಳು. ಆ ಸಂಪುಟದ ಕೊನೆಗೆ ದೋಣಿಯವನು ನದಿಯ ನಡುವೆ ಇದ್ದ.

ಅವಳ ಸದಸ್ಯತ್ವವನ್ನು ಎಲ್ಲರಂತೆ ಕೌಂಟರಿನಲ್ಲೇ ರದ್ದು ಮಾಡಿಸಬೇಕಿತ್ತು. ಅಲ್ಲಿ ಕೂರುವ ಅಕ್ಕ ಕಾರಣ ಕೇಳಿ ಟೈಪ್ ಮಾಡುತ್ತಾರೆ. ಆ ಒಂದು ಮಾತನ್ನು ನಾನು ಬಾಯಿಬಿಟ್ಟು ಹೇಳಬೇಕು. ನಾನು ಬುದ್ಧಿವಂತನಲ್ಲವೇ? ಒಳಕೋಣೆಯಲ್ಲೇ ಕೂತು, ವರ್ಷಕ್ಕೊಮ್ಮೆ ಹಳೆಯ ಹೆಸರು ಗುಡಿಸಲೆಂದು ನಾನೇ ಬರೆದಿದ್ದ ಕೆಲಸವನ್ನು ಅವಳೊಬ್ಬಳ ಹೆಸರಿಗೆ ಓಡಿಸಿದೆ. ಗುಡಿಸುವುದೂ ರದ್ದು ಮಾಡುವುದೂ ಒಂದೇ ಕ್ಲಾಸಿನಲ್ಲಿ, ಅಂದರೆ ಪ್ರೋಗ್ರಾಮಿನ ಒಂದೇ ಕಟ್ಟಿನಲ್ಲಿ, ಒಂದೇ ಮನೆಯವರಂತೆ ಇದ್ದವು. ಒಂದು ಇನ್ನೊಂದನ್ನು ಒಳಗಿನಿಂದಲೇ ಕರೆಯಿತು. ಅಡುಗೆಮನೆಯಿಂದ ಪಡಸಾಲೆಗೆ ನಡೆದವನು ಬೀದಿಬಾಗಿಲ ಕಾವಲುಗಾರನ ಕಣ್ಣಿಗೆ ಬೀಳುತ್ತಾನೆಯೇ? ತಮಗೆ ಸುದ್ದಿಯೇ ಇಲ್ಲ. ಹಣೆಪಟ್ಟಿ ಹಣೆಯಲ್ಲೇ ಉಳಿಯಿತು. ಅವಳ ಹೆಸರು ಅಳಿಸಿದ್ದೇ ತಡ, ಕರೆಂಟ್ ಹೋಯಿತು. ಎರಡನೆಯ ಹೆಜ್ಜೆ ಆಗಲಿಲ್ಲ, ಮೊದಲನೆಯದನ್ನು ಹಿಂದಕ್ಕೆ ತರಲು ತಾವಿರಲಿಲ್ಲ.

ಅಂದಿನಿಂದ ಅಡ್ಡಗೋಡೆಯ ಮೇಲೆ ದೀಪ. ಅವಳು ಸದಸ್ಯೆಯಲ್ಲ, ಆದರೆ ಪುಸ್ತಕ ಅವಳಿಗಾಗಿ ಕಾಯುತ್ತಿದೆ. ಅವಳು ಕೊಟ್ಟಿದ್ದ ನನ್ನ ನಂಬರಿಗೆ ಪ್ರತಿ ಸೋಮವಾರ ಬೆಳಿಗ್ಗೆ, ಅವಳ ಹೆಸರು ಹಿಡಿದು, ಪುಸ್ತಕ ಸಿದ್ಧವಿದೆ, ದಯವಿಟ್ಟು ಬನ್ನಿ ಎಂಬ ಸಂದೇಶ. ಸಾಲಿನಲ್ಲಿ ಅವಳ ನಂತರ ಇದ್ದ ನಿವೃತ್ತ ಮೇಷ್ಟ್ರು ಅದೇ ಸೋಮವಾರ ಕೋಲು ಕುಟ್ಟುತ್ತ ಬಂದು, "ಏನಮ್ಮಾ, ಆ ಪುಣ್ಯಾತ್ಗಿತ್ತಿ ಪುಸ್ತಕ ಒಯ್ದಳಾ, ಇಲ್ಲಾ ಅದರ ಮೇಲೆ ಕೂತು ಕಾವು ಕೊಡ್ತಿದ್ದಾಳಾ? ನನಗೇನು ಇನ್ನೂ ನೂರು ವರ್ಷ ಇದೆಯಾ?" ಎಂದು ಕೇಳುವರು. ಕಂಪ್ಯೂಟರ್ ಅಂಥ ಸದಸ್ಯರೇ ಇಲ್ಲ ಎನ್ನುವುದರಿಂದ ಅಕ್ಕನಿಗೆ ಏನೂ ಮಾಡಲಾಗದು. ಹೆಸರು ಯಾರದೆಂದು ಅವರಿಗೆ ಗೊತ್ತು. "ಒಳಗೆ ಸರಿ ಮಾಡ್ತಿದ್ದಾರೆ ಮೇಷ್ಟ್ರೇ, ಸ್ವಲ್ಪ ತಡೀರಿ" ಎನ್ನುವರು, ನನ್ನ ಬಾಗಿಲ ಕಡೆ ನೋಡದೆ.

ನಾನೋ, ಎಲ್ಲ ಪ್ರಾಕ್ಸಿಯ ತೊಂದರೆ ಎಂದು ಸಾರಿಬಿಟ್ಟಿದ್ದೆ. ಕುಣಿಯಲಾರದವಳಿಗೆ ನೆಲ ಡೊಂಕು. ನನಗೆ ಸಿಕ್ಕ ನೆಲ ತಾವು. ನಿಜವೆಂದರೆ ತಪ್ಪು ಎಲ್ಲಿದೆಯೆಂದು ಎರಡನೆಯ ವಾರವೇ ತಿಳಿದಿತ್ತು. ಸರಿ ಮಾಡಿದರೆ ಸೋಮವಾರದ ಸಂದೇಶ ನಿಲ್ಲುತ್ತದಲ್ಲ ಎಂದು ಸುಮ್ಮನಿದ್ದೆ.

ಆದ್ದರಿಂದ ತಮ್ಮಲ್ಲಿ ಬಿನ್ನಹ: ದಯಮಾಡಿ ಇನ್ನು ಮುಂದೆ ಒಳಗೂ ನಿಲ್ಲಬೇಕು. ಬಿಡುವಾದಾಗ ನಮ್ಮ ಮನೆಗೂ ಬರಬೇಕು. ಅಲ್ಲಿ ಅವಳ ಚಪ್ಪಲಿ ಕೊಟ್ಟಾಗಿದೆ, ಕೊಡೆ ಮೊಳೆಯಲ್ಲೇ ನೇತಾಡುತ್ತಿದೆ. ಒಂದು ದಿಂಬು ತೆಗೆದಾಗಿದೆ, ನಾನು ಇನ್ನೂ ಹಾಸಿಗೆಯ ಗೋಡೆಯ ಬದಿಗೇ ಮಲಗುತ್ತೇನೆ. ಒಂದೋ ಇದನ್ನೆಲ್ಲ ಮುಗಿಸಿ ಮೊಹರು ಒತ್ತಿ, ಇಲ್ಲವೇ ಮೊದಲಿದ್ದಂತೆ ಹಿಂದಕ್ಕೆ ತಿರುಗಿಸಿ. ಎರಡನೆಯದಾದರೆ ದೊಡ್ಡ ಉಪಕಾರ. ಆಸ್ಪತ್ರೆಗೆ ಹೊರಟ ಆ ಬುಧವಾರದ ಬೆಳಿಗ್ಗೆಯವರೆಗೆ ಸಾಕು. ಅದಕ್ಕಿಂತ ಹಿಂದಕ್ಕೆ ತಮಗೆ ಶ್ರಮ ಕೊಡಲಾರೆ.

ಇಷ್ಟು ಬರೆದು ಕೆಲವು ದಿನ ಮೇಜಿನ ಮೇಲಿಟ್ಟು ಕಾದೆ, ತಮ್ಮ ಉತ್ತರ ಬರಲಿಲ್ಲ. ಕಳೆದ ಸೋಮವಾರ ಮೇಷ್ಟ್ರು ಕೋಲಿನ ಜೊತೆಗೆ ಗೋಡೆಯನ್ನೂ ಹಿಡಿದು ಬಂದದ್ದನ್ನು ಕಂಡು ನಾನೇ ಎದ್ದೆ. ರದ್ದು ಮಾಡುವ ಕೆಲಸವನ್ನು ಬೇರೆ ಕ್ಲಾಸಿಗೆ ಸಾಗಿಸಿದೆ. ಇನ್ನು ಯಾರು ಕರೆದರೂ ತಮ್ಮನ್ನು ಹಾಯ್ದೇ ಹೋಗಬೇಕು. ಅವಳ ಹೆಸರನ್ನು ಸರಿಯಾಗಿ ತೆಗೆಯಬೇಕಾದರೆ ಮೊದಲು ವಾಪಸು ಸೇರಿಸಬೇಕಿತ್ತು. ಸೇರಿಸಿದೆ. ಒಳಕೋಣೆಯಿಂದ ಕೌಂಟರಿಗೆ ಹತ್ತೊಂಬತ್ತು ಹೆಜ್ಜೆ. ಅಷ್ಟು ದೂರ ಅವಳು ಈ ಗ್ರಂಥಾಲಯದ ಪೂರ್ಣ ಸದಸ್ಯೆಯಾಗಿದ್ದಳು. ನಾನು ನಿಧಾನವಾಗಿ ನಡೆದೆ. ಸಾಲಿನಲ್ಲಿ ನಿಂತೆ. ಅಕ್ಕ ತಲೆ ಎತ್ತಿ, "ಕಾರಣ ಹೇಳಿ, ಅಣ್ಣ" ಎಂದರು. ಹೇಳಿದೆ. ಎರಡೂ ಹೆಜ್ಜೆ ಒಂದೇ ಉಸಿರಿಗೆ ಆದವು. ಮೇಷ್ಟ್ರ ಜೇಬಿನಲ್ಲಿ ಫೋನ್ ಕೂಗಿತು. ಅವರಿಗೆ ಎಲ್ಲ ಕೇಳಿಸಿತ್ತು. ಪುಸ್ತಕ ಕೈಗೆ ಬಂದ ಮೇಲೂ ಬಹಳ ಹೊತ್ತು ಅದನ್ನು ತೆರೆಯದೆ ನಿಂತಿದ್ದರು.

ಇನ್ನು ಮುಂದೆ ಬಾಗಿಲಿನಿಂದಲೇ ಬರುವ,
ತಮ್ಮ ವಿಶ್ವಾಸಿ,
ಒಳಕೋಣೆಯ ಗುಮಾಸ್ತ

ಮರೆತ ಮಾತು: ಮೇಷ್ಟ್ರ ನಂತರ ಸಾಲಿನಲ್ಲಿ ನನ್ನ ಹೆಸರಿದೆ, ಕೌಂಟರಿನಲ್ಲೇ ಬರೆಸಿದ್ದು. ದೋಣಿಯವನು ದಡ ಸೇರಿದನೋ ಇಲ್ಲವೋ, ಮೊದಲೇ ಹೇಳಬೇಡಿ ಎಂದು ಮೇಷ್ಟ್ರಲ್ಲಿ ಕೇಳಿಕೊಂಡಿದ್ದೇನೆ. ತಮ್ಮಲ್ಲಿ ಕೇಳಿಕೊಳ್ಳುವ ಅಗತ್ಯ ಕಾಣಲಿಲ್ಲ. ನಡುನೀರಿನಲ್ಲಿ ಯಾರು ಏನಾದರೂ ತಾವು ತುಟಿ ಬಿಚ್ಚುವವರಲ್ಲ.